ಕಾಮಕಸ್ತೂರಿಯ ಹಕ್ಕುದಾರರು

ಹೈದರಾಬಾದಿನಲ್ಲಿ ಕಾಮಕಸ್ತೂರಿಯ ಬೀಜ ಹುಡುಕಿಕೊಂಡು ನರ್ಸರಿಗೆ ಹೋದವರು ಕೈಬೀಸಿಕೊಂಡು ವಾಪಸು ಬರುತ್ತಾರೆ. ಅಲ್ಲಿ ಪೆಟೂನಿಯಾ ಇದೆ, ಕುಂಡಕ್ಕಿಂತ ತುಟ್ಟಿಯಾದ ಕುಂಡದ ತಟ್ಟೆಗಳಿವೆ, ನಗುವ ಬುದ್ಧನಿದ್ದಾನೆ. ಬಹಳ ಒತ್ತಾಯ ಮಾಡಿದರೆ 'ಇಟಾಲಿಯನ್ ಬೇಸಿಲ್' ಎಂಬ ಬಣ್ಣದ ಪೊಟ್ಟಣವೊಂದನ್ನು ತೆಗೆದುಕೊಡುತ್ತಾರೆ. ಅದನ್ನು ಅಲ್ಲಾಡಿಸಿದರೆ ಒಳಗೆ ಬೀಜ ಇರುವ ಸದ್ದೂ ಬರುವುದಿಲ್ಲ. ತಿಳಿದವರು ನರ್ಸರಿಯ ದಾರಿ ಬಿಟ್ಟು ಕಿರಾಣಿ ಅಂಗಡಿಯ ದಾರಿ ಹಿಡಿಯುತ್ತಾರೆ.

ಬೇಗಂ ಬಜಾರಿನಲ್ಲಿ ಬಾದಾಮಿ, ಒಣದ್ರಾಕ್ಷಿ, ಗಸಗಸೆಯ ಚೀಲಗಳು ಬಾಯಿ ತೆರೆದು ಕೂತಿರುವ ಸಾಲಿನಲ್ಲಿ ಒಂದು ಸಣ್ಣ ಚೀಲದ ತುಂಬ ಕರೀ ಕಾಳು ಇರುತ್ತದೆ. ಸಾಸಿವೆಗಿಂತ ಸಣ್ಣದು, ಎಳ್ಳಿಗಿಂತ ಗುಂಡಗೆ. ಕಾಮಕಸ್ತೂರಿಯ ಬೀಜಕ್ಕೆ ಇಲ್ಲಿಯ ಹೆಸರು ಸಬ್ಜಾ.

"ಕ್ಯಾ ಹೋನಾ ಸಾಬ್?"

"ಸಬ್ಜಾ."

"ಪಾವ್ ಕಿಲೋ?"

"ನಕ್ಕೋ ಭಾಯ್. ಪಚಾಸ್ ಗ್ರಾಮ್ ಬಸ್. ಬೋನೇ ಕು ಹೋನಾ."

ಬಿತ್ತುವುದಕ್ಕೆ ಬೇಕು ಎಂದ ಕೂಡಲೇ ಆತ ತಕ್ಕಡಿಯ ಮೇಲಿನ ಕೈ ತೆಗೆದು ನನ್ನ ಮುಖ ನೋಡಿದ. "ಪೀನೇ ಕಾ ಹೈ ಸಾಬ್, ಬೋನೇ ಕಾ ನಹೀ" ಎಂದು, ಅದು ಕುಡಿಯುವುದಕ್ಕೇ ಹೊರತು ಬಿತ್ತುವುದಕ್ಕಲ್ಲವೆಂದು ಸಮಾಧಾನದ ದನಿಯಲ್ಲಿ ತಿಳಿಹೇಳಿದ. ಅವನ ತಪ್ಪಲ್ಲ. ದಿನವೂ ಕಿಲೋಗಟ್ಟಲೆ ಮಾರುವವನಿಗೆ ಅದು ಬೀಜವೆಂಬುದು ನೆನಪಿರಬೇಕಾದ ಅಗತ್ಯವಾದರೂ ಏನು? ಒಂದು ಗ್ರಾಮಿಗೆ ಐದಾರು ನೂರು ಕಾಳು ಬರುತ್ತವೆ. ನಾನು ಕೊಂಡ ಐವತ್ತು ಗ್ರಾಮಿನಲ್ಲಿ ನಮ್ಮ ಕಾಲೊನಿಯ ಮನೆಮನೆಗೂ ಹಂಚಿ, ಪಕ್ಕದ ಕಾಲೊನಿಯ ಮೇಲೂ ಉಪಕಾರದ ಹೊರೆ ಹೊರಿಸುವಷ್ಟು ಕಾಮಕಸ್ತೂರಿ ಇತ್ತು.

ಹೈದರಾಬಾದಿನವರಿಗೆ ಸಬ್ಜಾ ಎಂದರೆ ಬೇಸಿಗೆಯ ಸಾಮಾನು. ಏಪ್ರಿಲ್ ದಾಟಿ ಬಿಸಿಲು 40 ಡಿಗ್ರಿಯ ಮೇಲೆ ಹೋಯಿತೆಂದರೆ ನಿಂಬೆ ಶರಬತ್ತಿಗೂ ಅದೇ, ಗುಲಾಬಿ ಹಾಲಿಗೂ ಅದೇ. ರಂಜಾನಿನ ರಾತ್ರಿಗಳಲ್ಲಿ ಚಾರ್‌ಮಿನಾರಿನ ಸುತ್ತ ಹಲೀಮ್ ಮುಗಿಸಿದವರು ಫಾಲೂದಾದ ಉದ್ದನೆಯ ಗಾಜಿನ ಲೋಟದ ಮುಂದೆ ಕೂರುತ್ತಾರೆ. ಕೆಳಗೆ ಕೆಂಪು ಶರಬತ್ತು, ಮೇಲೆ ಶಾವಿಗೆ, ಹಾಲು, ಎಲ್ಲಕ್ಕೂ ಮೇಲೆ ಐಸ್‌ಕ್ರೀಮು. ನಡುವೆ ಎಲ್ಲೋ ಒಂದು ಚಮಚ ಸಬ್ಜಾ. ಹಾಗೆ ನೋಡಿದರೆ ಒಬ್ಬೊಬ್ಬನೂ ಒಂದು ಸಣ್ಣ ತೋಟವನ್ನೇ ಕುಡಿದು ಎದ್ದು ಹೋಗುತ್ತಾನೆ. ಈಚೆಗೆ ಇದೇ ನಗರದ ಇನ್ನೊಂದು ಕೊನೆಯಲ್ಲಿ, ಐಟಿ ಕಂಪನಿಗಳ ಗಾಜಿನ ಕಟ್ಟಡಗಳ ಕಡೆ, ಚಿಯಾ ಬೀಜದ ಹುಚ್ಚು ಹಿಡಿದಿದೆ. ಚಿಯಾ ಮೆಕ್ಸಿಕೋ ಕಡೆಯದು. ಕಾಮಕಸ್ತೂರಿಯ ಕುಟುಂಬದ್ದೇ, ನೀರಿಗೆ ಬಿದ್ದರೆ ಅದೂ ಲೋಳೆ ಕಟ್ಟುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಮುತುವರ್ಜಿಯಿಂದ ನಮ್ಮ ಹೆಗ್ಗಡದೇವನಕೋಟೆ ಕಡೆಯ ಹೊಲಗಳಿಗೂ ಬಂದಿದೆ. ರೈತರಿಗೆ ನಾಲ್ಕು ಕಾಸು ಸಿಕ್ಕರೆ ನನ್ನ ತಕರಾರಿಲ್ಲ. ಆದರೆ ಚಿಯಾದ ಡಬ್ಬಿಯನ್ನು ತೋರಿಸುತ್ತ ನಮ್ಮ ಸೋದರಳಿಯ "ಮಾವ, ಇದು ಸೂಪರ್ ಫುಡ್" ಎಂದು ಶುರುಮಾಡಿದಾಗ, ಅವನ ಅಜ್ಜಿ ಇದೇ ಕೆಲಸವನ್ನು ಎರಡು ರೂಪಾಯಿಯಲ್ಲಿ ಮುಗಿಸುತ್ತಿದ್ದಳು ಎಂದು ಹೇಳದೆ ಇರಲಾರೆ.

ಬಿತ್ತುವ ಮೊದಲು ಒಂದು ಚಿಟಿಕೆ ಕಾಳನ್ನು ತಟ್ಟೆಯಲ್ಲಿ ಹಾಕಿ ನೀರು ಚಿಮುಕಿಸಿ ನೋಡಬೇಕು. ಪರೀಕ್ಷೆಗಲ್ಲ, ಸುಮ್ಮನೆ ನೋಡುವ ಸುಖಕ್ಕೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಕಾಳಿನ ಸುತ್ತ ಬೂದಿ ಬಣ್ಣದ ತೆಳುವಾದ ಮಂಜೊಂದು ಕಾಣಿಸಿಕೊಳ್ಳುತ್ತದೆ. ನೋಡುತ್ತಿದ್ದಂತೆಯೇ ಅದು ದಪ್ಪವಾಗಿ ಒಳಗಿನ ಕರೀ ಬೊಟ್ಟು ನಡುವೆ ನಿಲ್ಲುತ್ತದೆ. "ಕಪ್ಪೆ ಮೊಟ್ಟೆ ಇದ್ದಹಾಗಿದೆ ಅಪ್ಪಾ" ಎಂದಳು ಮಗಳು. ಆ ಮಾತಿನಿಂದ ಅವಳ ತಾಯಿ ಆ ವಾರ ಶರಬತ್ತಿನಿಂದ ದೂರ ಉಳಿದಳು. ಕಾಳಿನ ಹೊರಸಿಪ್ಪೆಯ ಕೋಶಗಳಲ್ಲಿ ಒಂದು ಬಗೆಯ ಅಂಟುಸಕ್ಕರೆ ಒಣಗಿ ಅಡಗಿರುತ್ತದೆ. ನೀರು ತಾಗಿದರೆ ಅದು ಉಬ್ಬಿ ಹೊರಗೆ ನುಗ್ಗಿ, ಕಾಳು ತನ್ನ ತೂಕದ ಹಲವು ಪಟ್ಟು ನೀರನ್ನು ಮೈಗೆ ಸುತ್ತಿಕೊಳ್ಳುತ್ತದೆ. ಗಿಡ ಈ ಏರ್ಪಾಡನ್ನು ಮಾಡಿಕೊಂಡದ್ದು ಫಾಲೂದಾಕ್ಕೆಂದಲ್ಲ. ಒಂದೇ ಮಳೆ ಬಂದು ಹೋಗುವ ಒಣ ನೆಲದಲ್ಲಿ ಮೊಳಕೆಗೆ ಬೇಕಾದ ತೇವವನ್ನು ಜೊತೆಯಲ್ಲೇ ಇಟ್ಟುಕೊಳ್ಳುವುದಕ್ಕೆ. ಇನ್ನೊಂದು ಲಾಭವೂ ಉಂಟು. ಲೋಳೆ ಒಣಗಿತೆಂದರೆ ಕಾಳು ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಇರುವೆಗಳು ಎಳೆದೊಯ್ಯುವುದು ಕಷ್ಟ. ನಮ್ಮ ಬಾಲ್ಕನಿಯ ಇರುವೆಗಳು ಒಣಬೀಜವನ್ನು ಸಾಲಾಗಿ ಹೊತ್ತು ಗೋಡೆ ಹತ್ತುವುದನ್ನು ನೋಡಿದವನಾದ್ದರಿಂದ ಈ ಲೋಳೆಯ ಮೇಲೆ ನನಗೆ ವಿಶೇಷ ಗೌರವ.

ಆದ್ದರಿಂದಲೇ ನೆನೆಸಿ ಬಿತ್ತಬೇಡಿ ಎಂದು ಕೆಳಮಹಡಿಯವರಿಗೆ ಹೇಳಿದೆ. ಅವರು ಕೇಳಲಿಲ್ಲ. ಹೆಸರುಕಾಳು, ಕಡಲೆ, ಮೆಂತ್ಯೆ ಎಲ್ಲವನ್ನೂ ನೆನೆಸಿಯೇ ಮೊಳಕೆ ಬರಿಸಿದವರಿಗೆ ನೆನೆಸದ ಬೀಜದ ಮೇಲೆ ನಂಬಿಕೆ ಹೇಗೆ ಬಂದೀತು? ರಾತ್ರಿ ನೆನೆಸಿದ ಸಬ್ಜಾ ಬೆಳಗ್ಗೆ ಒಂದೇ ಮುದ್ದೆಯಾಗಿತ್ತು. ಅದನ್ನು ಚಮಚದಿಂದ ಕುಂಡಕ್ಕೆ ಬಡಿಸಿದರು. ಮುದ್ದೆ ಬಿದ್ದಲ್ಲಿ ಮುದ್ದೆಯಾಗಿಯೇ ಮೊಳೆತು, ನೂರಾರು ಸಸಿಗಳು ಒಂದರ ಹೆಗಲ ಮೇಲೊಂದು ನಿಂತು, ಕೊನೆಗೆ ಬುಡ ಕೊಳೆತು ಒಟ್ಟಿಗೇ ಮಲಗಿದವು. ಒಣಬೀಜವನ್ನೇ ಮರಳಿನ ಜೊತೆ ಬೆರೆಸಿ ಕುಂಡದ ಮೇಲೆ ಉದುರಿಸಿ, ಜರಡಿ ಹಿಡಿದ ಮಣ್ಣನ್ನು ತೆಳ್ಳಗೆ, ಕಾಳು ಕಣ್ಣಿಗೆ ಮರೆಯಾಗುವಷ್ಟು ಮಾತ್ರ ಹರಡಿದರೆ ಸಾಕು. ನೀರನ್ನು ಚೊಂಬಿನಿಂದ ಸುರಿಯಬಾರದು, ಕೈಯದ್ದಿ ಚಿಮುಕಿಸಬೇಕು. ಬೆಚ್ಚಗಿನ ದಿನಗಳಲ್ಲಿ ವಾರದ ಹೊತ್ತಿಗೆ ಎರಡೆರಡು ಗುಂಡನೆಯ ಎಲೆ ತಲೆ ಎತ್ತುತ್ತವೆ. ಇವು ಬೀಜದೆಲೆಗಳು. ಇವುಗಳ ನಡುವಿನಿಂದ ಬರುವ ಮುಂದಿನ ಜೋಡಿಯನ್ನು ಬೆರಳಲ್ಲಿ ಮೆಲ್ಲಗೆ ಉಜ್ಜಿ ಮೂಗಿಗೆ ಹಿಡಿದರೆ, ಅಷ್ಟು ಚಿಕ್ಕ ಎಲೆಯಲ್ಲಿ ಆಗಲೇ ಪೂರ್ತಿ ಪರಿಮಳ! ಸಸಿ ಇನ್ನೂ ಗೇಣು ದೂರ ಬೆಳೆಯಬೇಕು, ಬುದ್ಧಿ ಮಾತ್ರ ಬಲಿತುಬಿಟ್ಟಿದೆ.

ಕುಂಡದ ಮಣ್ಣಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೆಂಪು ಮಣ್ಣು, ಗೊಬ್ಬರ, ಒಂದಿಷ್ಟು ಮರಳು. ನೀರು ನಿಲ್ಲಬಾರದು, ಅಷ್ಟೆ. ನೀರಿನ ವಿಷಯದಲ್ಲಿ ಮಾತ್ರ ನಮ್ಮ ಮನೆಯಲ್ಲಿ ಒಂದು ಕಥೆ ನಡೆಯಿತು. ಅವ್ವ ರಾಯಚೂರಿನಿಂದ ಬಂದ ಹೊಸತರಲ್ಲಿ ಇಲ್ಲಿಯ ನೀರು ಹಿಡಿಸದು, ನೆಲ ಹಿಡಿಸದು, ಗಾಳಿಯಂತೂ ಮೊದಲೇ ಹಿಡಿಸದು. ಗಿಡವೂ ಇಲ್ಲಿ ಬರಲಿಕ್ಕಿಲ್ಲ ಎಂಬುದು ಅವಳ ತೀರ್ಪು. ನಲ್ಲಿಯಲ್ಲಿ ಬರುವುದು ಬಹುಪಾಲು ಕೃಷ್ಣಾ ಮತ್ತು ಗೋದಾವರಿಯ ನೀರು ಎಂದೆ.

"ಯಾವ ಕೃಷ್ಣಾನೋ?"

"ನಮ್ಮದೇ ಅವ್ವ. ರಾಯಚೂರು ದಾಟಿ ಶ್ರೀಶೈಲಕ್ಕೆ ಹೋಗ್ತದಲ್ಲ, ಅದೇ. ನಾಗಾರ್ಜುನ ಸಾಗರದಿಂದ ಪಂಪ್ ಮಾಡಿ ತರ್ತಾರ."

"ಹಂಗಂದ್ರ ನಾವು ಅಲ್ಲಿ ಬಟ್ಟೀ ಒಗದದ್ದು ಇಲ್ಲಿ ಕುಡೀಲಿಕ್ಕೆ ಬರ್ತದ ಅನ್ನು" ಎಂದಳು ಅವ್ವ. ಆದರೆ ಅಂದಿನಿಂದ ಗಿಡಕ್ಕೆ ನೀರು ಹಾಕುವ ಕೆಲಸ ಅವಳದಾಯಿತು. ಈ ನಗರದ ನೀರಿನ ಋಣದಲ್ಲಿ ಕನ್ನಡಿಗರ ಪಾಲು ಕೃಷ್ಣೆಗಿಂತಲೂ ಹಳೆಯದು ಎಂದು ನಾನು ಸೇರಿಸಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಅರ್ಧ ಊರನ್ನೇ ಕೊಚ್ಚಿಕೊಂಡು ಹೋದಾಗ ನಿಜಾಮರು ಕರೆಸಿಕೊಂಡದ್ದು ವಿಶ್ವೇಶ್ವರಯ್ಯನವರನ್ನು. ಮೂಸಿಯ ಮೇಲೂ ಅದರ ಉಪನದಿ ಈಸಿಯ ಮೇಲೂ ಕಟ್ಟೆ ಕಟ್ಟಬೇಕೆಂದು ಅವರು ಕೊಟ್ಟ ಸಲಹೆಯಿಂದ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಅವ್ವ ಇದನ್ನೆಲ್ಲ ಕೇಳಿಸಿಕೊಂಡು, "ಅಷ್ಟು ಶಾಣ್ಯಾ ಇದ್ದವ್ರು ನಮ್ಮ ರಾಯಚೂರಿಗೂ ಒಂದೀಟು ನೋಡಬೇಕಿತ್ತು" ಎಂದು ಚೊಂಬು ಎತ್ತಿಕೊಂಡಳು.

ರಾಯಚೂರು ಕೂಡ ಆಗ ನಿಜಾಮರದೇ. 1956ರ ನವೆಂಬರ್ ಒಂದರವರೆಗೆ ರಾಯಚೂರು, ಕಲಬುರಗಿ, ಬೀದರಿನವರಿಗೆ ರಾಜಧಾನಿ ಎಂದರೆ ಇದೇ ಊರು. ಕೋರ್ಟಿಗೆ, ಕಾಲೇಜಿಗೆ, ದೊಡ್ಡ ದವಾಖಾನೆಗೆ ಬಂದವರು ಕಾಚಿಗುಡ, ಬರ್ಕತ್‌ಪುರದ ಸುತ್ತ ಬಾಡಿಗೆ ಮನೆ ಹಿಡಿದು, ಊರಿನಿಂದ ಜೋಳದ ಹಿಟ್ಟಿನ ಜೊತೆ ಒಂದಿಷ್ಟು ಬೀಜವನ್ನೂ ಗಂಟುಕಟ್ಟಿ ತಂದಿದ್ದರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಬೇರು ಬಿಟ್ಟದ್ದು ಈ ಜನರ ನಡುವೆಯೇ. ಆ ಓಣಿಗಳ ಹಳೇ ಮನೆಗಳಲ್ಲಿ ಅಂಗಳವಿತ್ತು, ಅಂಗಳದಲ್ಲಿ ತುಳಸಿಕಟ್ಟೆ, ಕಟ್ಟೆಯ ಮಗ್ಗುಲಿಗೆ ಯಾರೂ ನೆಡದೆ ತಾನೇ ಎದ್ದ ಕಾಮಕಸ್ತೂರಿ. ಈಗ ಅಂಗಳಗಳ ಮೇಲೆ ಐದೈದು ಮಹಡಿ ಎದ್ದಿವೆ. ತುಳಸಿಗೆ ದೇವರ ಬೆಂಬಲವಿದ್ದುದರಿಂದ ಹೇಗೋ ಬಾಲ್ಕನಿಯಲ್ಲಿ ಜಾಗ ಸಿಕ್ಕಿತು. ಕಾಮಕಸ್ತೂರಿಯ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ಯಾರೂ ಇರಲಿಲ್ಲ ಎಂದರೆ ಅನ್ಯಾಯವಾದೀತು. ಬೇಂದ್ರೆಯವರು ತಮ್ಮ ಒಂದು ಸಂಕಲನಕ್ಕೇ ಇದರ ಹೆಸರಿಟ್ಟಿದ್ದಾರೆ. ನಮ್ಮ ಕಡೆಯ ಹೆಣ್ಣುಮಕ್ಕಳೂ ಇದನ್ನು ಬಿಟ್ಟುಕೊಟ್ಟವರಲ್ಲ. ಮಲ್ಲಿಗೆ, ಅಬ್ಬಲಿಗೆಯ ದಂಡೆಯ ನಡುನಡುವೆ ಕಾಮಕಸ್ತೂರಿಯ ತೆನೆ ಇಟ್ಟು ಕಟ್ಟಿದರೆ, ಹೂವು ಬಾಡಿದ ಮೇಲೂ ಹೆರಳು ಘಮಘಮಿಸುತ್ತಿರುತ್ತದೆ. ಗುಡಿಮಲ್ಕಾಪುರದ ಹೂವಿನ ಪೇಟೆಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಬೆಳಗಿನ ಜಾವ ಚೆಂಡುಹೂವಿನ ರಾಶಿಗಳ ನಡುವೆ ದವನ, ಮರುಗದ ಕಟ್ಟುಗಳನ್ನು ಒಂದೊಂದಾಗಿ ಎತ್ತಿ ಮೂಸಿ ಕೆಳಗಿಟ್ಟಳು. "ಛಲೋ ಅದ. ಆದ್ರ ನೀರು ಹೊಡೆದು ಹೊಡೆದು ವಾಸನೀನೇ ತೊಳೆದುಬಿಟ್ಟಾರ" ಎಂದು ತೀರ್ಪಾಯಿತು. ಮಾರುವವಳಿಗೆ ಕನ್ನಡ ಬಾರದಿದ್ದುದು ಆ ದಿನದ ಪುಣ್ಯ.

ನಮ್ಮ ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಿದ್ದೇವೆ. ಹೈದರಾಬಾದಿನ ಅಪಾರ್ಟ್‌ಮೆಂಟುಗಳಲ್ಲಿ ಬಲೆಯಿಲ್ಲದ ಬಾಲ್ಕನಿ ಎಂದರೆ ಪಾರಿವಾಳಗಳಿಗೆ ಬರೆದುಕೊಟ್ಟ ಬಾಲ್ಕನಿ. ಅವು ಸಸಿ ಕೀಳುತ್ತವೆ, ಕುಂಡದಲ್ಲೇ ಬಾಣಂತನ ಮಾಡಿಕೊಳ್ಳುತ್ತವೆ. ಬಲೆ ಬಂದ ಮೇಲೆ ಅವು ಹೊರಗೆ ಕೂತು ಒಳಗಿನ ಗಿಡವನ್ನು ನೋಡಿ ಗುಟುರು ಹಾಕುವುದಷ್ಟೇ ಉಳಿದಿದೆ. ಆದರೆ ಆ ಬಲೆಯ ಕಣ್ಣು ಜೇನಿಗೆ ಹೆಬ್ಬಾಗಿಲು. ತೆನೆಯಲ್ಲಿ ಮೊದಲ ಹೂವು ಬಿಟ್ಟ ಬೆಳಗ್ಗೆಯೇ ಕೋಲುಜೇನುಗಳು ಬಂದವು. ಸಣ್ಣ ಜೇನು, ಹೊಟ್ಟೆಯ ಮುಂಭಾಗ ಇಟ್ಟಿಗೆ ಕೆಂಪು. ಅವುಗಳ ಹಿಂದೆಯೇ ಸೊಳ್ಳೆ ಗಾತ್ರದ ನಸರಿಜೇನು. ಈ ನಾಲ್ಕನೇ ಮಹಡಿಯ ವಿಳಾಸ ಅವಕ್ಕೆ ಯಾರು ಕೊಟ್ಟರೋ!

ಈ ಹೂವನ್ನು ಕೂತು ನೋಡಬೇಕು, ನಿಂತರೆ ಕಾಣುವುದಿಲ್ಲ. ಚೌಕಾಕಾರದ ಕಡ್ಡಿಯ ಸುತ್ತ ಆರಾರು ಹೂವಿನ ಬಳೆಗಳು, ಒಂದರ ಮೇಲೊಂದು ಅಂತಸ್ತಾಗಿ. ಅರಳುವುದು ಕೆಳಗಿನಿಂದ ಮೇಲಕ್ಕೆ. ಬಿಳಿಯ ಹೂವು, ಅಂಚಿನಲ್ಲಿ ಎಲ್ಲೋ ಒಂದಿಷ್ಟು ನಸುಗೆಂಪು. ಮೇಲಿನ ತುಟಿ ನಾಲ್ಕು ಸೀಳು, ಕೆಳಗಿನ ತುಟಿ ಒಂದೇ, ಮುಂದಕ್ಕೆ ಚಾಚಿಕೊಂಡದ್ದು. ಇದೇ ಕುಟುಂಬದ ಎಷ್ಟೋ ಗಿಡಗಳಲ್ಲಿ ಕೇಸರಗಳು ಮೇಲಿನ ತುಟಿಯಡಿ ಅಡಗಿದ್ದು ಬಂದ ಜೇನಿನ ಬೆನ್ನಿಗೆ ಪರಾಗ ಬಳಿಯುತ್ತವೆ. ತುಳಸಿ, ಕಾಮಕಸ್ತೂರಿಗಳದು ಬೇರೆ ಪದ್ಧತಿ. ನಾಲ್ಕು ಕೇಸರವೂ ಕೆಳತುಟಿಯ ಮೇಲೆ ಮಲಗಿರುತ್ತವೆ. ಜೇನು ಬಂದು ಅವುಗಳ ಮೇಲೆಯೇ ಕೂತು ಮಕರಂದಕ್ಕೆ ಬಾಯಿಟ್ಟಾಗ ಪರಾಗ ಅದರ ಹೊಟ್ಟೆಗೆ ಹತ್ತುತ್ತದೆ. ಊಟಕ್ಕೆ ಬಂದವರು ತಮಗೇ ತಿಳಿಯದೆ ಟಪಾಲು ಹೊತ್ತುಕೊಂಡು ಹೋಗುತ್ತಾರೆ. ಜೇನು ಬಾರದಿದ್ದರೂ ಗಿಡ ತನ್ನಷ್ಟಕ್ಕೆ ಒಂದಿಷ್ಟು ಕಾಳು ಕಟ್ಟೀತು. ಬಂದರೆ ತೆನೆ ತುಂಬುತ್ತದೆ. ಅಲ್ಲಿಗೆ, ಚಾರ್‌ಮಿನಾರಿನ ಫಾಲೂದಾದ ಲೆಕ್ಕದಲ್ಲಿ ಹಾಲಿನವನಿಗೆ ದುಡ್ಡು ಸಂದಿದೆ, ಐಸಿನವನಿಗೆ ಸಂದಿದೆ, ಒಬ್ಬರ ಕೂಲಿ ಮಾತ್ರ ಇನ್ನೂ ಬಾಕಿ.

ಇವರೆಲ್ಲರಿಗಿಂತ ನನಗೆ ಮೆಚ್ಚಿಗೆಯಾದದ್ದು ನೀಲಿ ಪಟ್ಟೆಯ ಜೇನು. ಕರೀ ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಗೆರೆಗಳು, ಎದೆಯ ಮೇಲೆ ಕಂದು ರೋಮ. ಒಂದು ಹೂವಿನಲ್ಲಿ ನಿಂತಿತೆನ್ನುವಷ್ಟರಲ್ಲಿ ಇನ್ನೊಂದರ ಮುಂದೆ ಗಾಳಿಯಲ್ಲಿ ತೂಗುತ್ತಿರುತ್ತದೆ. ಇದು ಗೂಡು ಕಟ್ಟಿ ಸಂಸಾರ ಹೂಡುವ ಪೈಕಿ ಅಲ್ಲ. ಹೆಣ್ಣು ಒಂಟಿಯಾಗಿಯೇ ನೆಲದಲ್ಲೋ ಮಣ್ಣಿನ ಗೋಡೆಯಲ್ಲೋ ತೂತು ಕೊರೆದು ಮೊಟ್ಟೆ ಇಡುತ್ತದೆ. ಗಂಡುಗಳಿಗೆ ಮನೆಯೇ ಇಲ್ಲ. ಸಂಜೆಯಾದರೆ ಯಾವುದಾದರೂ ಒಣಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಕಾಲು ಮಡಚಿಕೊಂಡು ಹಾಗೆಯೇ ನಿದ್ದೆ ಹೋಗುತ್ತವೆ. ಒಂದು ಸಂಜೆ ಬೀಜ ಬಲಿತು ಒಣಗಿದ ತೆನೆಯೊಂದರಲ್ಲಿ ಇಂಥವು ಸಾಲಾಗಿ ನೇತಾಡುತ್ತಿದ್ದವು. ಟಾರ್ಚು ಬಿಟ್ಟು ನೋಡಿದೆ. ಒಂದು ಮಾತ್ರ ಮೀಸೆ ಅಲುಗಿಸಿ ಮತ್ತೆ ತೆಪ್ಪಗಾಯಿತು. "ಮನೆ ಇಲ್ಲ, ಬಾಡಿಗೆ ಇಲ್ಲ, ಮೆಂಟೆನೆನ್ಸ್ ಇಲ್ಲ" ಎಂದಳು ಹೆಂಡತಿ ನಿಟ್ಟುಸಿರುಬಿಟ್ಟು.

ಮೆಂಟೆನೆನ್ಸ್ ಎಂದ ಕೂಡಲೇ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು ನೆನಪಾಗುತ್ತಾರೆ. ಹಿಂದಿನ ವರ್ಷ ನಮ್ಮ ಕಟ್ಟಡದ ಛಾವಣಿಯ ಅಂಚಿಗೆ ಹೆಜ್ಜೇನು ಕಟ್ಟಿ, ಸಂಘದವರು ಹೊಗೆ ಹಾಕಿಸಿ, ಹೊಗೆಗೆ ಎದ್ದ ಹುಳುಗಳು ಲಿಫ್ಟಿನೊಳಗೂ ನುಗ್ಗಿದ್ದವು. ಅಂದಿನಿಂದ ಅವರಿಗೆ ಹೂವು ಕಂಡರೂ ಭಯ. "ಏಮಂಡಿ ಸಾರ್, ಮೀ ಮೊಕ್ಕಲಕಿ ತೇನೆಟೀಗಲು ವಸ್ತುನ್ನಾಯಿ" ಎಂದು ಬಾಗಿಲಲ್ಲೇ ನಿಂತು ಆಕ್ಷೇಪ ಸಲ್ಲಿಸಿದರು. ಜೇನು ಬರುವುದಕ್ಕೇ ಗಿಡ ಹಾಕಿದ್ದು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಹೆಜ್ಜೇನು ಎತ್ತರದ ಕಟ್ಟಡ, ಬಂಡೆ, ದೊಡ್ಡ ಮರ ಹುಡುಕಿಕೊಂಡು ಕಾಲಕ್ಕೆ ಬಂದು ಕಾಲಕ್ಕೆ ಹೋಗುವಂಥದು, ಅದನ್ನು ಕರೆಸಿದ್ದು ಕಟ್ಟಡವೇ ಹೊರತು ಕುಂಡವಲ್ಲ ಎಂದು ವಿವರಿಸಿದೆ. ಅವರು ನಂಬಲಿಲ್ಲ. ಕಡೆಗೆ ದೊಡ್ಡ ಕುಂಡಗಳೆರಡನ್ನು ಟೆರೇಸಿನ ನೀರಿನ ಟ್ಯಾಂಕಿನ ಪಕ್ಕಕ್ಕೆ ಸಾಗಿಸುವುದೆಂದು ರಾಜಿಯಾಯಿತು.

ಟೆರೇಸಿನಲ್ಲಿ ಕಾರ್ಯದರ್ಶಿಗಳ ಹೆಂಡತಿಯ ಬದನೆ ಗಿಡಗಳಿದ್ದವು. ಗುತ್ತಿ ವಂಕಾಯಿಗೆಂದು, ಅಂದರೆ ನಮ್ಮ ಎಣ್ಣೆಗಾಯಿಯಂಥದಕ್ಕೆಂದು, ಬೆಳೆಸಿದ್ದು. ಹೂವು ಬಿಡುತ್ತಿದ್ದವು, ಉದುರುತ್ತಿದ್ದವು, ಕಾಯಿ ಅಪರೂಪ. ಬದನೆಯ ಪರಾಗ ಕೇಸರದ ಕೊಳವೆಯೊಳಗೆ ಬಂದಿಯಾಗಿರುತ್ತದೆ, ತುದಿಯಲ್ಲಿ ಸಣ್ಣ ತೂತು ಮಾತ್ರ. ನೀಲಿ ಪಟ್ಟೆಯ ಜೇನು ಆ ಕೊಳವೆಯನ್ನು ತಬ್ಬಿ ಹಿಡಿದು ಮೈ ನಡುಗಿಸುತ್ತದೆ, ಝುಂಯ್ ಎಂದು ಸದ್ದಾಗುತ್ತದೆ, ಪರಾಗ ಉದುರುತ್ತದೆ. ಕೋಲುಜೇನು, ತುಡುವೆಜೇನುಗಳಿಗೆ ಈ ವಿದ್ಯೆ ಬಾರದು. ಬದನೆಹೂವಿನಲ್ಲಿ ಮಕರಂದ ಇಲ್ಲವಾದ್ದರಿಂದ ನೀಲಿ ಜೇನಿಗೆ ಹತ್ತಿರದಲ್ಲೇ ಬೇರೆ ಕಡೆ ಊಟ ಬೇಕು. ಆ ಊಟ ನಮ್ಮ ಕುಂಡಗಳಲ್ಲಿತ್ತು. ಆ ಸಲ ಕಾಯಿ ಚೆನ್ನಾಗಿ ಹಿಡಿದವು. ಮಳೆ ಹದವಾಗಿ ಬಂದದ್ದೂ ಕಾರಣವಿರಬಹುದು. ನನ್ನ ಲೆಕ್ಕದಲ್ಲಿ ಮಾತ್ರ ಯಶಸ್ಸು ಜೇನಿನದೇ. ಆಕೆ ಒಂದು ದಿನ ಡಬ್ಬಿ ತುಂಬ ಗುತ್ತಿ ವಂಕಾಯಿ ಕೊಟ್ಟು, "ಇದಿ ರುದ್ರಜಡ ಕದಂಡಿ, ಮಾ ಅಮ್ಮಮ್ಮ ಇಂಟ್ಲೋ ಉಂಡೇದಿ" ಎಂದು ಕಾಮಕಸ್ತೂರಿಯ ತೆಲುಗು ಹೆಸರು ಹೇಳಿ, ತಮ್ಮ ಅಜ್ಜಿಯ ಮನೆಯ ಅಂಗಳ ನೆನೆದು, ಸಸಿ ಕೇಳಿ ಪಡೆದುಕೊಂಡು ಹೋದರು. ಕಾರ್ಯದರ್ಶಿಗಳ ಆಕ್ಷೇಪ ಅಲ್ಲಿಂದ ಮುಂದೆ ಎಲ್ಲಿ ಹೋಯಿತೋ, ನಾನು ವಿಚಾರಿಸಲಿಲ್ಲ.

ಹೊರಗಿನ ಗಲಾಟೆ ಹೀಗೆ ಬಗೆಹರಿದರೂ ಮನೆಯೊಳಗಿನದು ಬಗೆಹರಿಯುವಂಥದಲ್ಲ. ಗಿಡ ಒಂದು, ಹಕ್ಕುದಾರರು ಹಲವರು. ಮಗಳಿಗೆ ಎಲೆ ಬೇಕು. ಬಂಜಾರಾ ಹಿಲ್ಸ್ ಕಡೆಯ ಸೂಪರ್ ಮಾರ್ಕೆಟ್ಟುಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಹತ್ತು ಎಲೆ ಮಲಗಿಸಿ ಮಾರುವ ಬೇಸಿಲ್ ಕೂಡ ಕಾಮಕಸ್ತೂರಿಯ ಜಾತಿಯೇ. ಲಿನೇಯಸ್ 1753ರಲ್ಲಿ ಇಟ್ಟ ಓಸಿಮಮ್ ಬೇಸಿಲಿಕಮ್ ಎಂಬ ಹೆಸರು ಎರಡಕ್ಕೂ ಒಂದೇ. ತವರು ಏಷ್ಯಾದ ಬೆಚ್ಚನೆಯ ನಾಡುಗಳು. ಇಟಲಿಗೆ ಅದು ಹೋದ ಸೊಸೆ. ಇದನ್ನು ಕೇಳಿದ್ದೇ ಮಗಳು ಒಂದು ಹಿಡಿ ಎಲೆ ಕಿತ್ತು ಪೆಸ್ಟೋ ಅರೆದಳು. ರುಚಿ ಇಟಲಿಯ ಕಡೆ ಹೋಗದೆ ಸೋಂಪಿನ ಕಡೆ ಹೋಯಿತು. ನಮ್ಮ ಕಡೆಯ ಕಾಮಕಸ್ತೂರಿಯ ಎಣ್ಣೆಯಲ್ಲಿ ಹೆಚ್ಚಾಗಿರುವುದು ಮೀಥೈಲ್ ಚಾವಿಕಾಲ್, ಸೋಂಪಿನ ಘಮದ ಬಂಧು. ಇಟಲಿಯವರು ಮೆಚ್ಚುವ ತಳಿಗಳಲ್ಲಿ ಲಿನಲೂಲ್ ಮುಂದು. ಇಂಥ ಎಣ್ಣೆಗಾಗಿಯೇ ಔಷಧ, ಸುಗಂಧ ಸಸ್ಯಗಳ ಸಂಶೋಧನೆ ನಡೆಸುವ ಲಖನೌದ ಸೀಮ್ಯಾಪ್ ಸಂಸ್ಥೆ 'ಸಿಮ್-ಸೌಮ್ಯ' ಮುಂತಾದ ತಳಿಗಳನ್ನು ಹೊರತಂದಿದೆ. ಅದರ ಒಂದು ಕೇಂದ್ರ ಇಲ್ಲೇ ಬೋಡುಪ್ಪಲ್‌ನಲ್ಲಿದೆ. ಅವ್ವ ಪೆಸ್ಟೋವನ್ನು ಬೆರಳ ತುದಿಯಲ್ಲಿ ಮುಟ್ಟಿ, "ಚಟ್ನಿ ಛಲೋ ಅದ, ಖಾರ ಮರತೀಯಲ್ಲ" ಎಂದಳು. ಹಸಿಮೆಣಸಿನಕಾಯಿ ಬಿದ್ದ ಮೇಲೆ ಜೋಳದ ರೊಟ್ಟಿಗೆ ಅದು ಹೇಳಿಮಾಡಿಸಿದ ಜೋಡಿಯಾಯಿತು.

ಎಲೆ ಬೇಕಾದವರು ಹೂವು ಬರಗೊಡಬಾರದು. ಕುಡಿ ಚಿವುಟಿದರೆ ಎದುರುಬದುರು ಎಲೆಗಳ ಕಂಕುಳಿನಿಂದ ಎರಡು ಕೊಂಬೆ ಬರುತ್ತವೆ, ಅವನ್ನೂ ಚಿವುಟಿದರೆ ನಾಲ್ಕು, ಗಿಡ ಪೊದೆಯಾಗುತ್ತದೆ. ತೆನೆ ಬಂತೆಂದರೆ ಎಲೆ ಸಣ್ಣಗಾಗುತ್ತ ಕಹಿಗೆ ತಿರುಗುತ್ತದೆ. ತೋಟಗಾರಿಕೆಯ ಪುಸ್ತಕಗಳೆಲ್ಲ ಒಂದೇ ದನಿಯಲ್ಲಿ ಹೇಳುವುದು ಇದನ್ನೇ: ಹೂವು ಕಂಡಲ್ಲಿ ಕತ್ತರಿಸಿ. ಅವ್ವನಿಗೆ ಬೇಕಾದದ್ದು ಎಳೆಯ ತೆನೆ, ದಂಡೆಗೆ. ಹೆಂಡತಿಗೆ, ಕಪ್ಪೆ ಮೊಟ್ಟೆಯ ನೆನಪು ಮಾಸಿದ ಮೇಲೆ, ಬಲಿತ ಬೀಜ, ಶರಬತ್ತಿಗೆ. ಮೂರೂ ಒಂದೇ ಕಡ್ಡಿಯ ಮೇಲೆ ಸಾಧ್ಯವಿಲ್ಲ. ಅರ್ಜಿ ಹಾಕದೆ ಬರುವ ಜೇನಿಗೆ ಬೇಕಾದದ್ದು ಅರಳಿದ ಹೂವು. ಅದರ ಪರ ವಕಾಲತ್ತು ವಹಿಸಿದವನು ನಾನೊಬ್ಬನೇ.

ವಾದ ಬಹಳ ದಿನ ನಡೆಯಿತು. ಎಲೆ ಕೀಳುವುದು ಒಬ್ಬರ ಊಟಕ್ಕಾಯಿತು, ತೆನೆ ಕೀಳುವುದು ಒಬ್ಬರ ಮುಡಿಗಾಯಿತು. ಹೂವು ಬಿಟ್ಟರೆ ಜೇನಿಗೂ ಆಯಿತು, ಬೀಜಕ್ಕೂ ಆಯಿತು, ಮುಂದಿನ ವರ್ಷದ ಎಲ್ಲರ ಎಲೆಗೂ ತೆನೆಗೂ ಆಯಿತು. ಆದ್ದರಿಂದ ಮೊದಲ ಹಕ್ಕು ಹೂವಿನದು ಎಂದು ನಾನು ಪಟ್ಟು ಹಿಡಿದೆ. ಕೊನೆಗೆ ಬಾಲ್ಕನಿಯ ಕುಂಡ ಚಿವುಟುವವರಿಗೆ, ಟೆರೇಸಿನದು ಬಿಡುವವರಿಗೆ ಎಂದು ಗಡಿ ಹಾಕಿದೆವು. ಗಡಿ ಎಂದ ಮೇಲೆ ಅತಿಕ್ರಮಣ ಇದ್ದದ್ದೇ. ಹುಣ್ಣಿಮೆ, ಹಬ್ಬ ಬಂದರೆ ಟೆರೇಸಿನ ತೆನೆಗಳು ಲೆಕ್ಕಕ್ಕೆ ಕಡಮೆ ಬೀಳುತ್ತವೆ. ಅವ್ವನ ಹೆರಳು ಅಂದು ಮೆಟ್ಟಿಲ ಮೇಲಿನಿಂದಲೇ ಘಮ್ಮೆನ್ನುತ್ತದೆ. ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ.

ತೆನೆಯ ಬುಡದ ಪುಷ್ಪಪಾತ್ರೆಗಳು ಕಂದು ಬಣ್ಣಕ್ಕೆ ತಿರುಗಿ ಗರಗರ ಎಂದಾಗ ಕತ್ತರಿಸಿ ಕಾಗದದ ಮೇಲೆ ನೆರಳಲ್ಲಿ ಒಣಗಿಸಬೇಕು. ತುದಿಯ ಹೂವು ಅರಳುವವರೆಗೂ ಕಾಯುತ್ತ ಕೂತರೆ ಬುಡದ ಕಾಳು ಉದುರಿ ಹೋಗಿರುತ್ತದೆ. ಒಣಗಿದ್ದನ್ನು ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಹಗುರಾಗಿ ಕೇರಿದರೆ ಒಂದೊಂದು ಪಾತ್ರೆಯಿಂದ ನಾಲ್ಕು ನಾಲ್ಕು ಕಾಳು. ಮೊರ ನಮ್ಮ ಮನೆಯಲ್ಲಿ ಅವ್ವನಿಗೆ ಮಾತ್ರ ಬಗ್ಗುತ್ತದೆ. ಮಗಳು ಕೇರಿದರೆ ಹೊಟ್ಟು ಮೊರದಲ್ಲಿ ಉಳಿದು ಬೀಜ ಕೆಳಮಹಡಿಗೆ ಹೋಗುತ್ತದೆ. ಹೀಗೆ ಹೋದ ಬೀಜವೇ ಕೆಳಮಹಡಿಯವರ ಕುಂಡದಲ್ಲಿ ಯಾರೂ ನೆನೆಸದೆ, ಯಾರೂ ಬಡಿಸದೆ ಎದ್ದು ನಿಂತಿದೆ ಎಂಬ ಸುದ್ದಿ ಈಚೆಗೆ ಬಂತು.

ಹೈದರಾಬಾದಿಗೆ ಮುಂಗಾರು ಸಾಮಾನ್ಯವಾಗಿ ಜೂನಿನ ಎರಡನೆಯ ವಾರದಲ್ಲಿ ಬರುತ್ತದೆ. ಮೇ ತಿಂಗಳ ಬಿಸಿಲಲ್ಲಿ ಟೆರೇಸಿನಲ್ಲಿ ಬಿತ್ತಿದರೆ ಮೊಳಕೆ ಸುಟ್ಟುಹೋಗುತ್ತದೆ, ಜುಲೈಯ ಜಡಿಮಳೆಯಲ್ಲಿ ಬುಡ ಕೊಳೆಯುತ್ತದೆ. ಮೊದಲ ಎರಡು ಮಳೆ ಬಿದ್ದು ನೆಲ ತಣಿದಾಗ ಬಿತ್ತುವುದು ಲೇಸು. ದಸರೆಯ ಹೊತ್ತಿಗೆ ತೆನೆ ತುಂಬಿ ನಿಲ್ಲುತ್ತದೆ. ಬೀಜ ಬೇಕಾದವರು ಡಬ್ಬಿ ತಂದರೆ ಕೊಡುತ್ತೇನೆ, ದುಡ್ಡು ಬೇಡ. ಕರಾರು ಒಂದೇ: ಮೊದಲ ಹೂವು ಬಿಟ್ಟ ದಿನ ಕತ್ತರಿ ಹಿಡಿದುಕೊಂಡು ಗಿಡದ ಹತ್ತಿರ ಹೋಗಕೂಡದು.